ಹಳೆಯ ಜೀಪು, ಹೊಸ ಬ್ರೇಕು

ಜೀಪನ್ನು ಕಂಡವರೆಲ್ಲರೂ ಅದು ಎಂತಹ ಗುಡ್ಡವನ್ನು ಹತ್ತಬಲ್ಲದು, ಎಷ್ಟು ಆಳದ ಹಳ್ಳವನ್ನು ದಾಟಬಲ್ಲದು ಎಂದು ಕುತೂಹಲದಿಂದ ಕೇಳುತ್ತಾರೆ. ಓಡುತ್ತಿರುವಾಗ ಅದನ್ನು ಎಷ್ಟು ದೂರದಲ್ಲಿ ನಿಲ್ಲಿಸಬಹುದು ಎಂದು ಕೇಳುವವರು ವಿರಳ. ಆದರೆ ಹತ್ತಿದ ಗುಡ್ಡವನ್ನು ಇಳಿಯಲೇಬೇಕಲ್ಲವೆ? ಹಿಂದಿನ ಕಾಲದಲ್ಲಿ ಘಟ್ಟ ಇಳಿಯುವ ಎತ್ತಿನ ಗಾಡಿಯವನು ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು. ಇಳಿಜಾರು ಆರಂಭವಾಗುವ ಮೊದಲೇ ಗಾಡಿಯನ್ನು ನಿಲ್ಲಿಸಿ, ಗಾಲಿಗೆ ಅಡ್ಡವಾಗಿ ಮರದ ದಿಂಡೊಂದನ್ನು ಹಗ್ಗದಿಂದ ಬಿಗಿದು, ಅದು ಉಜ್ಜುವ ಕೀರಲು ಸದ್ದನ್ನು ಕೇಳುತ್ತ ಎತ್ತುಗಳೊಡನೆ ನಡೆದು ಇಳಿಯುತ್ತಿದ್ದನು. ಮೋಟಾರು ಬಂದ ಮೇಲೆ ಮರದ ದಿಂಡು ಹೋಯಿತು; ಉಜ್ಜಿ ನಿಲ್ಲಿಸುವ ತತ್ತ್ವ ಮಾತ್ರ ಹಾಗೆಯೇ ಉಳಿಯಿತು.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿಯೂ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿಯೂ ತಂದೆಯ ಕಾಲದ, ಕೆಲವೆಡೆ ಅಜ್ಜನ ಕಾಲದ ಜೀಪುಗಳು ಇಂದಿಗೂ ದುಡಿಯುತ್ತಿವೆ. ಪೇಟೆಗಳಲ್ಲಿ ಇಂತಹ ಹಳೆಯ ಜೀಪನ್ನು ಕೊಂಡು, ಸರಿಪಡಿಸಿ, ರಜೆಯ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟದ ಕಡೆಗೆ ಹೊರಡುವ ಹವ್ಯಾಸವೂ ಬೆಳೆದಿದೆ. ಹೊಸ ಬಣ್ಣ, ಹೊಸ ಹೊದಿಕೆ, ದಪ್ಪನೆಯ ಟೈರು, ಶಕ್ತಿಯುತವಾದ ಎಂಜಿನ್, ಕಣ್ಣು ಕೋರೈಸುವ ದೀಪ ಎಲ್ಲಕ್ಕೂ ಹಣ ಹೊರಡುತ್ತದೆ. ಕಟ್ಟಕಡೆಗೆ ನೆನಪಾಗುವುದು ಬ್ರೇಕು. ನಿಜಕ್ಕೂ ಮೊದಲು ನೆನಪಾಗಬೇಕಾದುದು ಅದೇ. ಅದರಲ್ಲಿಯೂ ಮುಂದಿನ ಗಾಲಿಗಳ ಬ್ರೇಕು.

ಯುದ್ಧಕಾಲದ ಕೂಸು

ಜೀಪು ಎರಡನೆಯ ಮಹಾಯುದ್ಧದ ಕೂಸು. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪುಗಳನ್ನು ತಯಾರಿಸಿದವು. ಗಾಡಿಯ ತೂಕ ಸುಮಾರು 1,100 ಕಿಲೋಗ್ರಾಂ. ಎಂಜಿನ್ನಿನ ಶಕ್ತಿ 60 ಅಶ್ವಬಲ. ನಾಲ್ಕು ಗಾಲಿಗಳಿಗೂ 9 ಅಂಗುಲ ವ್ಯಾಸದ ಡ್ರಮ್ ಬ್ರೇಕುಗಳು. ಯುದ್ಧ ಮುಗಿದ ಮೇಲೆ ಅದೇ ಗಾಡಿ ಸಾಮಾನ್ಯ ನಾಗರಿಕರಿಗಾಗಿ ಸಿಜೆ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಭಾರತಕ್ಕೆ ಸ್ವಾತಂತ್ರ್ಯ ದೊರೆತ ಆಸುಪಾಸಿನ ವರ್ಷಗಳಲ್ಲಿ ಮಹೀಂದ್ರಾ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸಲು ತೊಡಗಿತು. ಅನಂತರ ಅದನ್ನು ಇಲ್ಲಿಯೇ ತಯಾರಿಸತೊಡಗಿ, ಸಿಜೆ-3ಬಿ ಮಾದರಿಯ ವಂಶವನ್ನು ದಶಕಗಳ ಕಾಲ ಮುಂದುವರಿಸಿತು.

ಆ ಬ್ರೇಕು ಕಳಪೆಯದಾಗಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಪೆಡಲನ್ನು ತುಳಿದಾಗ ಆಯಿಲಿನ ಒತ್ತಡದಿಂದ ನಾಲ್ಕು ಗಾಲಿಗಳೂ ಒಮ್ಮೆಗೇ ಹಿಡಿತಕ್ಕೆ ಸಿಕ್ಕುವ ಹೈಡ್ರಾಲಿಕ್ ವ್ಯವಸ್ಥೆ ಅದರಲ್ಲಿತ್ತು. ಮಾರಾಟದ ಕಾರುಗಳಲ್ಲಿ ಈ ಏರ್ಪಾಡು 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಿಂದ ಆರಂಭವಾಗಿ ಹರಡಿದ್ದು. ಕೆಸರಿನ ಹಾದಿಯಲ್ಲಿ ಗಂಟೆಗೆ 30 ಅಥವಾ 40 ಕಿಲೋಮೀಟರ್ ವೇಗದಲ್ಲಿ ಸಾಗುವ ಗಾಡಿಗೆ 9 ಅಂಗುಲದ ಡ್ರಮ್ಮು ಸಾಕಾಗಿತ್ತು. ತೋಟದೊಳಗಿನ ಓಡಾಟಕ್ಕೆ ಇಂದಿಗೂ ಸಾಕು. ಈಗ ಬದಲಾಗಿರುವುದು ಹೊರಗಿನ ರಸ್ತೆ. ತೋಟದ ಗೇಟು ದಾಟಿದೊಡನೆ ಅದೇ ಜೀಪು ನುಣುಪಾದ ಹೆದ್ದಾರಿಯನ್ನು ಸೇರುತ್ತದೆ. ಅದರ ಮುಂದೆ ಓಡುವ ಹೊಸ ಕಾರು ಕಾಲಿಟ್ಟ ಕೂಡಲೇ ನಿಲ್ಲುವಂತಹುದು. ಹಿಂದೆ ಬರುವುದು ತುಂಬು ಭಾರದ ಲಾರಿ. ಸಾಲದುದಕ್ಕೆ ಹಲವರು ಮೂಲ ಎಂಜಿನ್ನನ್ನು ತೆಗೆದು ಹೆಚ್ಚು ಶಕ್ತಿಯ, ಹೆಚ್ಚು ಭಾರದ ಡೀಸೆಲ್ ಎಂಜಿನ್ನನ್ನು ಕೂರಿಸಿರುತ್ತಾರೆ. ಓಡುವ ಶಕ್ತಿ ಇಂದಿನದು, ನಿಲ್ಲುವ ಶಕ್ತಿ ಮಾತ್ರ 1941ರದು.

ಒಂದು ಬಸ್ಸಿನಷ್ಟು ಅಂತರ

ಈ ವ್ಯತ್ಯಾಸವೆಷ್ಟೆಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ಎರಡು ಗಾಡಿಗಳು ಅಕ್ಕಪಕ್ಕದಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿವೆಯೆಂದು ಭಾವಿಸೋಣ. ಇಬ್ಬರು ಚಾಲಕರೂ ಒಂದೇ ಕ್ಷಣದಲ್ಲಿ ಬ್ರೇಕನ್ನು ತುಳಿಯುತ್ತಾರೆ. ಒಂದು ಗಾಡಿಯ ವೇಗ ಪ್ರತಿ ಸೆಕೆಂಡಿಗೆ 6 ಮೀಟರಿನಂತೆ ಕುಗ್ಗುತ್ತದೆ. ಬ್ರೇಕು ದುರ್ಬಲವಾದ ಇನ್ನೊಂದರದು 4 ಮೀಟರಿನಂತೆ. ಮೊದಲನೆಯದು ಸುಮಾರು 23 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ ಸುಮಾರು 35 ಮೀಟರ್ ಬೇಕು. ನಡುವಣ ಅಂತರ 12 ಮೀಟರ್, ಅಂದರೆ ಒಂದು ಬಸ್ಸಿನ ಉದ್ದ.

ಇದಕ್ಕಿಂತ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. ಮೊದಲನೆಯ ಗಾಡಿ ಸಂಪೂರ್ಣವಾಗಿ ನಿಂತ ಸ್ಥಳಕ್ಕೆ ಎರಡನೆಯದು ಬಂದಾಗ ಅದರ ವೇಗ ಗಂಟೆಗೆ ಇನ್ನೂ ಸುಮಾರು 35 ಕಿಲೋಮೀಟರ್ ಉಳಿದಿರುತ್ತದೆ. ಆ ಸ್ಥಳದಲ್ಲಿ ರಸ್ತೆ ದಾಟುವ ಶಾಲೆಯ ಮಗುವಿದ್ದರೆ ಮೊದಲನೆಯ ಚಾಲಕನು ಬೆವರೊರೆಸಿಕೊಂಡು ಮನೆಗೆ ಹೋಗುತ್ತಾನೆ. ಎರಡನೆಯವನ ಪಾಲಿಗೆ ಬರುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಗಾಲಿಗಳಿಗೇ ಏಕೆ ಹೆಚ್ಚಿನ ಗಮನ? ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆಲ್ಲ ಇದರ ಉತ್ತರ ಗೊತ್ತಿದೆ. ಚಾಲಕನು ಬ್ರೇಕು ಹಾಕಿದೊಡನೆ ಜನರೆಲ್ಲ ಮುಂದಕ್ಕೆ ವಾಲುತ್ತಾರೆ. ಗಾಡಿಯ ತೂಕವೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಜೀಪು ಗಿಡ್ಡ ಗಾಡಿ. ಯುದ್ಧಕಾಲದ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ 80 ಅಂಗುಲ, ಅಂದರೆ ಸುಮಾರು 2 ಮೀಟರ್ ಮಾತ್ರ. ಇಂತಹ ಗಾಡಿಯನ್ನು ಜೋರಾಗಿ ನಿಲ್ಲಿಸುವಾಗ ಭಾರದ ಸುಮಾರು ಮೂರರಲ್ಲಿ ಎರಡು ಪಾಲು ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಭಾರ ಹೆಚ್ಚಿರುವ ಗಾಲಿ ನೆಲವನ್ನು ಗಟ್ಟಿಯಾಗಿ ಹಿಡಿಯುವುದರಿಂದ ನಿಲ್ಲಿಸುವ ದುಡಿಮೆಯೂ ಅದರ ಪಾಲಿಗೇ ಹೆಚ್ಚು.

ಒಂದು ಹಂಡೆ ಬಿಸಿನೀರು

ಬ್ರೇಕು ಮಾಡುವ ಕೆಲಸವೆಂದರೆ ಓಟವನ್ನು ಶಾಖವಾಗಿ ಮಾರ್ಪಡಿಸುವುದು. ಜನ ಮತ್ತು ಸಾಮಾನು ಸೇರಿ 1,400 ಕಿಲೋಗ್ರಾಂ ತೂಗುವ ಜೀಪು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖವು ಒಂದು ಲೀಟರ್ ನೀರಿನ ಉಷ್ಣತೆಯನ್ನು ಸುಮಾರು 46 ಡಿಗ್ರಿ ಏರಿಸಬಲ್ಲದು. ವೇಗ 80 ಕಿಲೋಮೀಟರ್ ಆದರೆ ಆ ಏರಿಕೆ 82 ಡಿಗ್ರಿಗೆ ಮುಟ್ಟುತ್ತದೆ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುವುದು ನಿಸರ್ಗದ ನಿಯಮ.

ಘಟ್ಟದ ಇಳಿಜಾರಿನಲ್ಲಿ ಈ ಲೆಕ್ಕ ಇನ್ನೂ ದೊಡ್ಡದಾಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನೋ ಚಾರ್ಮಾಡಿ, ಶಿರಾಡಿ ಘಟ್ಟಗಳನ್ನೋ ಇಳಿಯುವ ಗಾಡಿಯು ನೂರಾರು ಮೀಟರ್ ಎತ್ತರವನ್ನು ಕಳೆದುಕೊಳ್ಳುತ್ತದೆ. ಮೇಲೆ ಹೇಳಿದ ಜೀಪು 500 ಮೀಟರ್ ಎತ್ತರವನ್ನು ಇಳಿಯಿತೆಂದರೆ, ಬಿಡುಗಡೆಯಾಗುವ ಶಕ್ತಿಯು 20 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಬಚ್ಚಲಿನ ಹಂಡೆಯ ನೀರನ್ನು ಕಾಯಿಸಲು ಎಷ್ಟು ಸೌದೆ ಬೇಕೆಂಬುದನ್ನು ಬಲ್ಲ ಗೃಹಿಣಿಗೆ ಈ ಶಾಖದ ಪ್ರಮಾಣ ಸುಲಭವಾಗಿ ಅರ್ಥವಾದೀತು. ಗೇರನ್ನು ತಗ್ಗಿಸಿ ಎಂಜಿನ್ನಿನ ತಡೆಯಿಂದಲೇ ಇಳಿಯುವ ಚಾಲಕನು ಈ ಶಾಖದ ಬಹುಭಾಗವನ್ನು ಎಂಜಿನ್ನಿಗೆ ಒಪ್ಪಿಸುತ್ತಾನೆ. ಗೇರನ್ನು ನ್ಯೂಟ್ರಲ್‌ಗೆ ತಂದು ಡೀಸೆಲ್ ಉಳಿಸಲು ಹೊರಟವನು ಎಲ್ಲವನ್ನೂ ನಾಲ್ಕು ಸಣ್ಣ ಡ್ರಮ್ಮುಗಳ ಮೇಲೆ ಹೊರಿಸುತ್ತಾನೆ.

ಡ್ರಮ್ ಎಂಬುದು ಗಾಲಿಯೊಡನೆ ತಿರುಗುವ ಬಾಣಲೆಯಂತಹ ಎರಕದ ಕಬ್ಬಿಣದ ಪಾತ್ರೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಪೆಡಲನ್ನು ತುಳಿದಾಗ ಅವು ಹೊರಕ್ಕೆ ಚಾಚಿ ಡ್ರಮ್ಮಿನ ಒಳಮೈಯನ್ನು ಒತ್ತಿ ಉಜ್ಜುತ್ತವೆ. ಮುಂದಕ್ಕೆ ತಿರುಗುವ ಡ್ರಮ್ಮು ಎರಡರಲ್ಲಿ ಒಂದು ಶೂವನ್ನು ತಾನಾಗಿಯೇ ತನ್ನತ್ತ ಎಳೆದುಕೊಳ್ಳುವುದರಿಂದ ಚಾಲಕನ ಕಾಲಿಗೆ ಸ್ವಲ್ಪ ಸಹಾಯವೂ ಆಗುತ್ತದೆ. ಇದು ಡ್ರಮ್ಮಿನ ಗುಣ. ದೋಷವೆಂದರೆ, ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಕಾದ ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಪೆಡಲು ಕೆಳಕೆಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಹಳ್ಳ ದಾಟುವಾಗ ಡ್ರಮ್ಮಿನೊಳಗೆ ನುಗ್ಗಿದ ನೀರು ಬೇಗ ಹೊರಬೀಳುವುದಿಲ್ಲ. ನೀರಿನಿಂದ ಮೇಲೆ ಬಂದ ಚಾಲಕನು ಪೆಡಲನ್ನು ಮೆಲ್ಲನೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಲೈನಿಂಗನ್ನು ಒಣಗಿಸಿಕೊಳ್ಳಬೇಕು.

ಡಿಸ್ಕ್ ಬ್ರೇಕಿನ ರೀತಿ ಬೇರೆ. ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕುಳದಂತೆ ಇಬ್ಬದಿಯಿಂದಲೂ ಹಿಡಿಯುತ್ತವೆ. ತಟ್ಟೆ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ಕಾದು ದಪ್ಪನಾದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಮೇಲೆ ಬಿದ್ದ ನೀರನ್ನು ತಿರುಗುವ ರಭಸವೇ ಎಸೆದುಬಿಡುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ 1902ರಲ್ಲಿಯೇ ಪೇಟೆಂಟು ಪಡೆದಿದ್ದರೂ, ಜಗತ್ತಿನ ಗಮನ ಅದರತ್ತ ಹರಿದುದು 1953ರಲ್ಲಿ, ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಮೇಲೆ. 1955ರ ಸಿತ್ರೋಯೆನ್ ಡಿಎಸ್ ಕಾರಿನ ಮುಂದಿನ ಗಾಲಿಗಳಲ್ಲಿ ಅದು ಕುಟುಂಬದ ಕಾರಿಗೂ ಬಂದಿತು. ಜೀಪಿನ ತವರಾದ ಅಮೆರಿಕದಲ್ಲಿಯೇ ಸಿಜೆ ಜೀಪುಗಳಿಗೆ ಮುಂದಿನ ಡಿಸ್ಕ್ ದೊರೆಯಲು 1970ರ ದಶಕದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

ಒಂದೇ ಕೊಳವೆಯ ಅಪಾಯ

ಡಿಸ್ಕಿನ ಗುಣಗಳನ್ನು ಕೇಳಿದವರು ಒಡನೆಯೇ ಬಿಡಿಭಾಗದ ಅಂಗಡಿಗೆ ಹೊರಡುವುದುಂಟು. ಸ್ವಲ್ಪ ತಡೆಯಬೇಕು. ಹಳೆಯ ಜೀಪಿನ ಬ್ರೇಕಿನಲ್ಲಿ ಡ್ರಮ್ಮಿಗಿಂತ ದೊಡ್ಡ ಕೊರತೆ ಬೇರೊಂದು ಕಡೆ ಅಡಗಿದೆ.

ಚಾಲಕನ ಕಾಲಡಿಯ ತಗಡಿನ ಕೆಳಗೆ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣ ಪಂಪು ಇರುತ್ತದೆ. ಪೆಡಲಿನ ಒತ್ತಡವನ್ನು ಆಯಿಲಿಗೆ ವರ್ಗಾಯಿಸಿ ನಾಲ್ಕು ಗಾಲಿಗಳಿಗೂ ಕಳುಹಿಸುವುದು ಅದರ ಕೆಲಸ. ಹಳೆಯ ಜೀಪಿನಲ್ಲಿ ಈ ನಾಲ್ಕು ಗಾಲಿಗಳಿಗೂ ಸೇರಿ ಇರುವುದು ಒಂದೇ ದಾರಿ. ಮುಂದಿನ ಗಾಲಿಯ ಬಳಿಯ ರಬ್ಬರ್ ಕೊಳವೆಯೊಂದು ಕಲ್ಲಿಗೆ ತಾಗಿ ಹರಿದರೆ, ಹಿಂದಿನ ಕಬ್ಬಿಣದ ನಳಿಗೆ ತುಕ್ಕು ತಿಂದು ತೂತಾದರೆ, ನಾಲ್ಕು ಗಾಲಿಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಉಳಿಯುವುದು ಗೇರುಪೆಟ್ಟಿಗೆಯ ಹಿಂಬದಿಯಲ್ಲಿ ಚಾಲನೆಯ ದಂಡವನ್ನು ಹಿಡಿಯುವ ಹ್ಯಾಂಡ್ ಬ್ರೇಕು ಮಾತ್ರ. ಅದು ನಿಂತ ಗಾಡಿಯನ್ನು ಹಿಡಿದಿಡಲು ಇರುವುದೇ ಹೊರತು ಓಡುವ ಗಾಡಿಯನ್ನು ನಿಲ್ಲಿಸಲು ಅಲ್ಲ.

ಆದುದರಿಂದಲೇ 1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹೊಸ ಕಾರುಗಳಿಗೆ ಎರಡು ದಾರಿಯ ಬ್ರೇಕನ್ನು ಕಡ್ಡಾಯ ಮಾಡಲಾಯಿತು. ಇದರಲ್ಲಿ ಒಂದೇ ಮಾಸ್ಟರ್ ಸಿಲಿಂಡರಿನೊಳಗೆ ಎರಡು ಕೋಣೆಗಳು. ಒಂದು ಮುಂದಿನ ಗಾಲಿಗಳಿಗೆ, ಇನ್ನೊಂದು ಹಿಂದಿನವುಗಳಿಗೆ. ಒಂದು ಸೋತರೆ ಇನ್ನೊಂದು ಕೈಹಿಡಿಯುತ್ತದೆ. ಹಳೆಯ ಜೀಪಿನ ಒಡೆಯನ ಬಳಿ ಒಂದೇ ಒಂದು ಸುಧಾರಣೆಗೆ ಮಾತ್ರ ಹಣವಿದ್ದರೆ ಅದು ಡಿಸ್ಕಿಗಿಂತ ಮೊದಲು ಈ ಎರಡು ಕೋಣೆಯ ಸಿಲಿಂಡರಿಗೆ ಸಲ್ಲತಕ್ಕದ್ದು. ಡಿಸ್ಕು ಗಾಡಿಯನ್ನು ಬೇಗ ನಿಲ್ಲಿಸೀತು. ಕೊಳವೆ ಒಡೆದ ದಿನ ಗಾಡಿ ನಿಲ್ಲುವುದೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಈ ಸಿಲಿಂಡರು.

ಮೂರು ಮೆಟ್ಟಿಲುಗಳು

ಸುಧಾರಣೆಯನ್ನು ಮೂರು ಮೆಟ್ಟಿಲುಗಳಾಗಿ ಏರುವುದು ವಿವೇಕ. ಮೊದಲನೆಯದು ಇರುವುದನ್ನು ಸರಿಪಡಿಸುವುದು. ಡ್ರಮ್ಮು ದುಂಡಗಿದೆಯೇ, ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂದು ಅಳೆಯಬೇಕು. ಮೈ ಸವೆದಿದ್ದರೆ ಲೇತಿನಲ್ಲಿ ಕೆತ್ತಿಸಬಹುದು. ಆದರೆ ಮಿತಿ ಮೀರಿ ಕೆತ್ತಿದ ತೆಳು ಡ್ರಮ್ಮು ಬೇಗ ಕಾದು ಬಿರುಕು ಬಿಡುತ್ತದೆ. ಲೈನಿಂಗನ್ನು ಎಡಬಲ ಎರಡೂ ಗಾಲಿಗಳಿಗೆ ಒಟ್ಟಿಗೇ ಬದಲಾಯಿಸಬೇಕು. ಒಂದು ಬದಿ ಮಾತ್ರ ಹೊಸದಾದರೆ ಗಾಡಿ ಆ ಬದಿಗೆ ಎಳೆಯುತ್ತದೆ. ಗಾಲಿಯ ಸಿಲಿಂಡರುಗಳ ರಬ್ಬರುಗಳು, ಬಿರಿದ ಹೋಸ್ ಪೈಪುಗಳು, ಹಳೆಯ ಆಯಿಲು ಎಲ್ಲವೂ ಹೊಸದಾಗಬೇಕು. ಜೀಪಿನ ಶೂಗಳನ್ನು ಆಗಾಗ್ಗೆ ಕೈಯಿಂದಲೇ ಹೊಂದಿಸಬೇಕೆಂಬುದನ್ನು ಮರೆತವರು ಬಹಳ. ಈ ಮೊದಲ ಮೆಟ್ಟಿಲಲ್ಲಿಯೇ ಅನೇಕ ಜೀಪುಗಳ ರೋಗ ವಾಸಿಯಾಗಿಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಹಲವು ವರ್ಷಗಳ ಅನಂತರ ಪ್ರಾಣಾಂತಿಕ ರೋಗಗಳನ್ನು ತರಬಲ್ಲದು. ಡ್ರಮ್ಮು ಬಿಚ್ಚಿದೊಡನೆ ಗಾಳಿಯ ಪಂಪಿನಿಂದ ಧೂಳನ್ನು ಊದುವ ಪದ್ಧತಿಯನ್ನು ಬಿಡಬೇಕು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ದೂರ ಮಾಡಬೇಕು. ಪಕ್ಕದಲ್ಲಿ ನಿಂತು ನೋಡುವ ಮಕ್ಕಳನ್ನು ಆ ಹೊತ್ತಿಗೆ ಒಳಗೆ ಕಳುಹಿಸುವುದು ಲೇಸು.

ಎರಡನೆಯ ಮೆಟ್ಟಿಲು, 9 ಅಂಗುಲದ ಡ್ರಮ್ಮನ್ನು ತೆಗೆದು ಮುಂದಿನ ಕಾಲದ ಜೀಪುಗಳ 11 ಅಂಗುಲದ ಡ್ರಮ್ಮನ್ನು ಕೂರಿಸುವುದು. ವ್ಯಾಸ ದೊಡ್ಡದಾದುದರಿಂದ ಅದೇ ಒತ್ತಡಕ್ಕೆ ಹಿಡಿತ ಸುಮಾರು ಶೇಕಡ 22ರಷ್ಟು ಹೆಚ್ಚುತ್ತದೆ. ಉಜ್ಜುವ ಮೈಯೂ ಶಾಖವನ್ನು ಹೀರುವ ಕಬ್ಬಿಣವೂ ಹೆಚ್ಚುತ್ತವೆ. ಗಾಡಿಯ ಹಳೆಯ ರೂಪಕ್ಕೆ ಭಂಗವಿಲ್ಲ. ಜೀಪಿನ ಕೆಲಸ ಬಲ್ಲ ಯಾವ ಮೆಕ್ಯಾನಿಕ್ಕಿಗೂ ಇದು ಪರಿಚಿತ. ತೋಟಕ್ಕೂ ತಾಲೂಕು ಕೇಂದ್ರಕ್ಕೂ ನಡುವೆ ಓಡಾಡುವ ಜೀಪಿಗೆ ಇಷ್ಟೇ ಸಾಕಾದೀತು.

ಮೂರನೆಯದು ಡಿಸ್ಕು. ಡ್ರಮ್ಮಿನ ಹಿಂದಿನ ತಟ್ಟೆ ಮತ್ತು ಶೂಗಳನ್ನು ಬಿಚ್ಚಿ, ಅದೇ ಬೋಲ್ಟುಗಳ ಸ್ಥಳದಲ್ಲಿ ದಪ್ಪ ಉಕ್ಕಿನ ಬ್ರಾಕೆಟ್ಟನ್ನು ಕೂರಿಸಿ, ಅದರ ಮೇಲೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ನಿಲ್ಲಿಸುತ್ತಾರೆ. ಹಬ್ಬಿಗೆ ಡಿಸ್ಕನ್ನು ಸೇರಿಸುವುದು ನುರಿತ ಲೇತ್ ಕೆಲಸಗಾರನ ಕೆಲಸ. ತಟ್ಟೆ ಕೂದಲೆಳೆಯಷ್ಟು ಓರೆಯಾದರೂ ಪೆಡಲು ಕಾಲಡಿಯಲ್ಲಿ ನಡುಗುತ್ತದೆ. ಬ್ರಾಕೆಟ್ಟನ್ನು ಸಿಕ್ಕ ತಗಡಿನಿಂದ ಕತ್ತರಿಸಿ ವೆಲ್ಡಿಂಗ್ ಮಾಡಿ ನಿಲ್ಲಿಸುವುದು ಪ್ರಾಣದೊಡನೆ ಆಟವಾಡಿದಂತೆ, ಏಕೆಂದರೆ ಗಾಡಿಯನ್ನು ನಿಲ್ಲಿಸುವ ಬಲವೆಲ್ಲವೂ ಆ ಉಕ್ಕಿನ ತುಂಡಿನ ಮೂಲಕವೇ ಹಾಯುತ್ತದೆ. ಸ್ಟಿಯರಿಂಗನ್ನು ಎರಡು ಕೊನೆಗಳಿಗೂ ತಿರುಗಿಸಿ, ರಬ್ಬರ್ ಕೊಳವೆ ಎಳೆದುಕೊಳ್ಳದೆ, ಟೈರಿಗೆ ತಾಗದೆ ಇದೆಯೆಂಬುದನ್ನು ನೋಡಬೇಕು. ಕ್ಯಾಲಿಪರಿಗೂ ಗಾಲಿಯ ಒಳಮೈಗೂ ನಡುವೆ ಸಾಕಷ್ಟು ಅಂತರವಿರಬೇಕು. ಇದನ್ನು ಅಳೆಯದೆ ಮೊದಲೇ ಸಾಮಾನು ತಂದಿಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಎಡವುವ ಸ್ಥಳಗಳು

ಡಿಸ್ಕು ಕೂರಿಸಿದ ಮೇಲೆ "ಬ್ರೇಕು ಮೊದಲಿಗಿಂತ ಕೆಟ್ಟಿತು" ಎಂದು ದೂರುವವರೂ ಇದ್ದಾರೆ. ದೂರು ಸುಳ್ಳಲ್ಲ, ಆದರೆ ತಪ್ಪು ಡಿಸ್ಕಿನದಲ್ಲ. ಬ್ರೇಕೆಂಬುದು ಪೆಡಲಿನಿಂದ ಟೈರಿನವರೆಗೆ ಹಬ್ಬಿದ ಒಂದು ಸರಪಳಿ. ಒಂದು ಕೊಂಡಿಯನ್ನು ಬದಲಾಯಿಸಿದವರು ಉಳಿದ ಕೊಂಡಿಗಳನ್ನೂ ಅದಕ್ಕೆ ಹೊಂದಿಸಬೇಕು.

ಮೊದಲನೆಯ ತೊಡಕು ಆಯಿಲಿನ ಪ್ರಮಾಣದ್ದು. ಕ್ಯಾಲಿಪರಿನ ಪಿಸ್ಟನ್ನು ದಪ್ಪ. ಅದನ್ನು ತಳ್ಳಲು ಹೆಚ್ಚು ಆಯಿಲು ಬೇಕು. ಹಳೆಯ ಮಾಸ್ಟರ್ ಸಿಲಿಂಡರಿನ ಒಂದು ತುಳಿತಕ್ಕೆ ಅಷ್ಟು ಆಯಿಲು ಬಾರದಿದ್ದರೆ ಪೆಡಲು ನೆಲ ಮುಟ್ಟುತ್ತದೆ. ಹಾಗೆಂದು ಸಿಕ್ಕಾಪಟ್ಟೆ ದೊಡ್ಡ ಸಿಲಿಂಡರನ್ನು ಹಾಕಿದರೆ ಒತ್ತಡ ಕುಗ್ಗುತ್ತದೆ. ಒಂದೇ ತುಳಿತಕ್ಕೆ 1 ಅಂಗುಲ ವ್ಯಾಸದ ಸಿಲಿಂಡರಿಗಿಂತ 7/8 ಅಂಗುಲದ್ದು ಸುಮಾರು ಶೇಕಡ 30ರಷ್ಟು ಹೆಚ್ಚು ಒತ್ತಡ ಕೊಡುತ್ತದೆ, ಆದರೆ ಕಡಿಮೆ ಆಯಿಲನ್ನು ತಳ್ಳುತ್ತದೆ. ಎರಡನ್ನೂ ತೂಗಿ ಆರಿಸುವುದೇ ಜಾಣತನ.

ಎರಡನೆಯದು ಕಣ್ಣಿಗೆ ಕಾಣದ ಸಣ್ಣ ಕವಾಟ. ಡ್ರಮ್ ಬ್ರೇಕಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರುಗಳಲ್ಲಿ, ಕಾಲು ತೆಗೆದ ಮೇಲೆಯೂ ಕೊಳವೆಗಳಲ್ಲಿ ಸ್ವಲ್ಪ ಒತ್ತಡವನ್ನು ಉಳಿಸುವ ಕವಾಟವಿರುತ್ತದೆ. ಡ್ರಮ್ಮಿನಲ್ಲಿ ಶೂವನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗುಗಳಿರುವುದರಿಂದ ಇದು ಬಾಧಕವಲ್ಲ. ಡಿಸ್ಕಿನಲ್ಲಿ ಅಂತಹ ಸ್ಪ್ರಿಂಗಿಲ್ಲ. ಉಳಿದ ಒತ್ತಡದಿಂದ ಪ್ಯಾಡುಗಳು ತಟ್ಟೆಯನ್ನು ಸದಾ ಉಜ್ಜುತ್ತಲೇ ಇದ್ದು ಗಾಲಿಗಳು ಕೆಂಡವಾಗುತ್ತವೆ. ಆದುದರಿಂದ ಡಿಸ್ಕಿನ ದಾರಿಯಲ್ಲಿ ಆ ಕವಾಟವನ್ನು ತೆಗೆಯಬೇಕು. ಆದರೆ ಜೀಪಿನ ಸಿಲಿಂಡರು ಕಾಲಡಿಯಲ್ಲಿ, ಕ್ಯಾಲಿಪರಿಗಿಂತ ತಗ್ಗಿನಲ್ಲಿದ್ದರೆ ಆಯಿಲು ಹಿಂದಕ್ಕೆ ಹರಿದು ಬರುತ್ತದೆ. ಅದನ್ನು ತಡೆಯಲು ತೀರ ಕಡಿಮೆ ಒತ್ತಡದ ಬೇರೆ ಕವಾಟವನ್ನು ಅಲ್ಲಿ ಸೇರಿಸಬೇಕು.

ಮೂರನೆಯದು ಕಾಲಿನ ಬಲ. ಡ್ರಮ್ಮಿನಂತೆ ಡಿಸ್ಕು ತನ್ನನ್ನು ತಾನೇ ಬಿಗಿದುಕೊಳ್ಳುವುದಿಲ್ಲ. ಹೆಚ್ಚು ಬಲವಾಗಿ ತುಳಿಯಬೇಕು. ಅದಕ್ಕಾಗಿ ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರನ್ನು ಜೋಡಿಸುತ್ತಾರೆ. ಪೆಟ್ರೋಲ್ ಎಂಜಿನ್ನು ಗಾಳಿ ಹೀರುವಾಗ ನಿರ್ವಾತ ತಾನಾಗಿ ದೊರೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ದೊರೆಯುವುದಿಲ್ಲ. ಅದಕ್ಕೆ ನಿರ್ವಾತದ ಪಂಪು ಪ್ರತ್ಯೇಕವಾಗಿ ಇರಲೇಬೇಕು. ಪಂಪಿಲ್ಲದ ಬೂಸ್ಟರು ಅಲಂಕಾರದ ಡಬ್ಬಿಯಷ್ಟೆ.

ನಾಲ್ಕನೆಯದು ಮುಂದು ಹಿಂದಿನ ಸಮತೋಲ. ಮುಂದಿನ ಗಾಲಿಗಳು ಮೊದಲು ಬಿಗಿದುಕೊಂಡರೆ ಗಾಡಿ ನೇರವಾಗಿ ಜಾರುತ್ತದೆ, ಸ್ಟಿಯರಿಂಗಿಗೆ ಬಗ್ಗುವುದಿಲ್ಲ. ಹಿಂದಿನವು ಮೊದಲು ಬಿಗಿದುಕೊಂಡರೆ ಇನ್ನೂ ಕೇಡು. ಗಿಡ್ಡ ಜೀಪು ಬಾಲ ತಿರುಗಿಸಿ ಅಡ್ಡ ನಿಲ್ಲುತ್ತದೆ. ಹಿಂದಿನ ಒತ್ತಡವನ್ನು ಮಿತಿಗೊಳಿಸುವ ಕವಾಟದಿಂದ ಇದನ್ನು ಹೊಂದಿಸಬಹುದು. ಕಡೆಗೆ ಗಾಡಿಯನ್ನು ನಿಲ್ಲಿಸುವುದು ಟೈರು ನೆಲವನ್ನು ಹಿಡಿಯುವ ಹಿಡಿತ. ಒಣಗಿ ಕಲ್ಲಾದ ಹಳೆಯ ಟೈರಿಗೆ ಎಂತಹ ಡಿಸ್ಕನ್ನು ಜೋಡಿಸಿದರೂ ಫಲವಿಲ್ಲ.

ಆಯಿಲು, ಗಾಳಿ, ಪರೀಕ್ಷೆ

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂದು ನಿಯಮ. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲು ಸ್ಪಂಜಿನಂತೆ ಒಳಗೆ ಹೋಗುತ್ತದೆ. ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲನ್ನು ಬದಲಾಯಿಸುವುದು ಕ್ಷೇಮ. ಆಯಿಲು ಕಡಿಮೆಯಾಯಿತೆಂದು ಎಂಜಿನ್ ಆಯಿಲನ್ನು ತಪ್ಪಿಯೂ ಸುರಿಯಬಾರದು. ಒಳಗಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಕೊಳವೆಗಳಿಂದ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲನ್ನು ತುಳಿದು ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಬಳಿಯ ಸಣ್ಣ ತಿರುಪನ್ನು ಸಡಿಲಿಸಿ, ಗುಳ್ಳೆಯೊಡನೆ ಬರುವ ಆಯಿಲನ್ನು ಸೀಸೆಗೆ ಬಿಟ್ಟು, ಪೆಡಲು ಮೇಲೇಳುವ ಮೊದಲೇ ಬಿಗಿಯಬೇಕು. ಮನೆಯ ಮಗನೋ ಮಗಳೋ ಪೆಡಲಿನ ಮೇಲೆ ಕುಳಿತು "ತುಳಿದೆ", "ಬಿಟ್ಟೆ" ಎಂದು ಕೂಗುತ್ತ ನೆರವಾಗಬಹುದಾದ ಕೆಲಸವಿದು. ಗುಳ್ಳೆ ನಿಂತು ಆಯಿಲು ಒಂದೇ ಎಳೆಯಾಗಿ ಬರುವವರೆಗೂ ತಾಳ್ಮೆ ಬೇಕು.

ಪರೀಕ್ಷೆಯನ್ನು ಜನಸಂಚಾರವಿಲ್ಲದ ಸಮತಟ್ಟಾದ ಬಯಲಿನಲ್ಲಿ ನಡೆಸಬೇಕು. ಮೊದಲು 20, ಅನಂತರ 30, ಆಮೇಲೆ 40 ಕಿಲೋಮೀಟರ್ ವೇಗದಿಂದ ನಿಲ್ಲಿಸಿ, ಗಾಡಿ ಯಾವ ಬದಿಗಾದರೂ ಎಳೆಯುವುದೇ ಎಂದು ಗಮನಿಸಬೇಕು. ಹೊಸ ಪ್ಯಾಡು ಮತ್ತು ತಟ್ಟೆ ಒಂದಕ್ಕೊಂದು ಹೊಂದಿಕೊಳ್ಳಲು ಮೆಲ್ಲನೆಯ ಹತ್ತಾರು ನಿಲುಗಡೆಗಳು ಬೇಕು. ನಡುನಡುವೆ ತಣಿಯಲು ಬಿಡುವೂ ಬೇಕು. ಇದಿಷ್ಟೂ ಮುಗಿಯುವವರೆಗೆ ಮನೆಮಂದಿಯನ್ನು ಜೀಪಿಗೆ ಹತ್ತಿಸಲಾಗದು.

ಖರ್ಚು ಮತ್ತು ಕಾಯಿದೆ

ಡಿಸ್ಕು, ಕ್ಯಾಲಿಪರು, ಬೂಸ್ಟರು, ಹೊಸ ಸಿಲಿಂಡರು, ಲೇತಿನ ಕೂಲಿ ಎಲ್ಲವನ್ನೂ ಕೂಡಿಸಿದರೆ ಮೂಗಿಗಿಂತ ಮೂಗುತಿ ಭಾರವೆನಿಸಬಹುದು. ಆಗ ತಾನು ಜೀಪನ್ನು ಎಲ್ಲಿ ಓಡಿಸುತ್ತೇನೆಂದು ಒಡೆಯನು ತನ್ನನ್ನೇ ಕೇಳಿಕೊಳ್ಳಬೇಕು. ಕೊಡಚಾದ್ರಿಯ ಕಲ್ಲುಹಾದಿಯಲ್ಲಿ ಮೊದಲನೆಯ ಗೇರಿನಲ್ಲಿ ತೆವಳುವ ಜೀಪಿಗೆ ಒಳ್ಳೆಯ ಸ್ಥಿತಿಯ ಡ್ರಮ್ಮೂ ಒಳ್ಳೆಯ ಚಾಲಕನೂ ಸಾಕು. ಅಂತಹ ಕಡೆ ಕೆಸರು ಮತ್ತು ಮರಳು ತೆರೆದ ಡಿಸ್ಕಿನ ಪ್ಯಾಡನ್ನು ಬೇಗ ಸವೆಸುತ್ತವೆಂಬುದೂ ನಿಜ. ಬೆಂಗಳೂರಿನಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಓಡುವ ಅದೇ ಜೀಪಿಗೆ ಡಿಸ್ಕು ಆಡಂಬರವಲ್ಲ, ಅವಶ್ಯಕತೆ. ಎರಡು ಕೋಣೆಯ ಮಾಸ್ಟರ್ ಸಿಲಿಂಡರು ಮಾತ್ರ ಎರಡು ಜೀಪುಗಳಿಗೂ ಬೇಕು.

ಕಾಯಿದೆಯ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಡಿಗೆ ಮಿತಿಗಳನ್ನು ಹಾಕಿದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸಲಾಗದು. ಆದುದರಿಂದ ಕೆಲಸಕ್ಕೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸಿ, ಬಿಲ್ಲುಗಳನ್ನು ಜೋಪಾನವಾಗಿಡುವುದು ಒಳ್ಳೆಯದು.

ಹೊಸ ಬ್ರೇಕಾಗಲಿ ಹಳೆಯದಾಗಲಿ, ಘಟ್ಟ ಇಳಿಯುವ ಮುನ್ನ ಮಾಡತಕ್ಕ ಒಂದು ಪರೀಕ್ಷೆಗೆ ಹಣವೂ ಬೇಡ, ಹತಾರವೂ ಬೇಡ. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ನಿಲ್ಲಿಸಿ, ಎಂಜಿನ್ನು ನಡೆಯುತ್ತಿರುವಂತೆಯೇ ಪೆಡಲನ್ನು ಗಟ್ಟಿಯಾಗಿ ತುಳಿದು ಒಂದು ನಿಮಿಷ ಹಾಗೆಯೇ ಹಿಡಿಯಬೇಕು. ಪೆಡಲು ಇದ್ದಲ್ಲಿಯೇ ನಿಂತರೆ ಹೊರಡಬಹುದು. ಮೆಲ್ಲಮೆಲ್ಲನೆ ಕಾಲಡಿಯಲ್ಲಿ ಇಳಿಯತೊಡಗಿದರೆ, ಮನೆಮಂದಿ ಎಷ್ಟೇ ಅವಸರಪಡಲಿ, ಬುತ್ತಿಯನ್ನು ಅಲ್ಲಿಯೇ ಮರದ ನೆರಳಿನಲ್ಲಿ ಬಿಚ್ಚಿ, ಮೆಕ್ಯಾನಿಕ್ಕಿಗೆ ಹೇಳಿಕಳುಹಿಸುವುದೇ ಸರಿ.